ಕೈತಪ್ಪಿದವರು

ಜೂನ್ ಮೊದಲ ವಾರ ಕುರಿಗಳ ಹಿಂದೆ
ಇಡೀ ಊರೇ ಎದ್ದು ಹೋಗುತ್ತದೆ ಮೇಲಿನ ಹುಲ್ಲುಗಾವಲಿಗೆ.
ನಾರಿನ್ ಕಣಿವೆಯ ಈ ಎರಡು ಕೋಣೆಯ ಚಿಕಿತ್ಸಾಲಯದಲ್ಲಿ
ಉಳಿಯುವುದು ನಾನು, ತಕ್ಕಡಿ, ಬಿಪಿ ಯಂತ್ರ,
ಗೋಡೆಯ ಮೇಲೆ ಹಲ್ಲುಜ್ಜುತ್ತಲೇ ಇರುವ
ಸೋವಿಯತ್ ಕಾಲದ ಹುಡುಗ,
ಮತ್ತು ರಾಜಧಾನಿಯಿಂದ ಬಂದ ನೀಲಿ ರಿಜಿಸ್ಟರು.

ಅದರ ಕೊನೆಯ ಕಾಲಮ್ಮಿಗೊಂದು ಹೆಸರು:
‘ಅನುಸರಣೆಗೆ ಕೈತಪ್ಪಿದವರು.’
ಮೂರು ಸಲ ಬಾರದಿದ್ದರೆ ಅಲ್ಲೊಂದು ಗೀಟು.
ಜುಲೈ ಮುಗಿಯುವಷ್ಟರಲ್ಲಿ ನಲವತ್ತೊಂದು ಎಳೆದಿದ್ದೆ.
ಸತ್ತವರಿಗೂ ಇಷ್ಟು ಗೀಟು ಎಳೆದವಳಲ್ಲ ನಾನು.

ಎರ್ಮೆಕ್ ಬಂದ, ಸಂಶೋಧನೆಯ ಹುಡುಗ.
ತೆಳ್ಳನೆ ಬೂಟು, ಎದೆಗವಚಿದ ಟ್ಯಾಬ್ಲೆಟ್ಟು
(ನುಂಗುವುದಲ್ಲ, ಒತ್ತುವುದು).
‘ಹೀಗಾದರೆ ಅಧ್ಯಯನ ಉಳಿಯುವುದಿಲ್ಲ, ಅಕ್ಕ’ ಅಂದ.
ಅವನನ್ನು ಕುದುರೆಗೆ ಹತ್ತಿಸಿದೆ.

ದಾರಿಯುದ್ದಕ್ಕೂ ವಿವರಿಸಿದ:
ನಮ್ಮೂರು ‘ಅ’ ಗುಂಪು,
ಮನೆಗೇ ಮಾತ್ರೆ, ತಿಂಗಳಿಗೊಮ್ಮೆ ಭೇಟಿ.
ನದಿಯಾಚೆಯ ಊರು ‘ಬ’,
ಅಲ್ಲಿ ಎಂದಿನಂತೆ ನಡೆದದ್ದೇ ನಡೆಯಲಿ.
ಚೀಟಿ ಎತ್ತಿ ಆರಿಸಿದ್ದಂತೆ.
ನಾನು ಕೇಳುತ್ತಿದ್ದೆ, ನದಿ ತೆಳುವಾಗುತ್ತಿತ್ತು.
ಮೇಲೆ ಮೇಲೆ ಹೋದಂತೆ ಹಳ್ಳ,
ಆಮೇಲೆ ಒಂದು ಒದ್ದೆ ಗೆರೆ,
ಆಮೇಲೆ ಬರೀ ಹುಲ್ಲು.

ಹುಲ್ಲಿನ ಮೇಲೆ ಯುರ್ಟುಗಳು, ಅ ಪಕ್ಕದಲ್ಲಿ ಬ.

ಬುರುಲ್ಚಾ ಅಜ್ಜಿ ಕುಮಿಸ್ ಬಟ್ಟಲು ಕೊಟ್ಟು ನಕ್ಕಳು.
‘ಕಳೆದುಹೋಗಿದ್ದೀಯ ಅಂತ ಬರೆದುಕೊಂಡಿದ್ದಾರೆ’ ಅಂದೆ.
‘ಅರವತ್ತೆಂಟು ಬೇಸಿಗೆ ಇಲ್ಲೇ ಕಳೆದುಹೋಗಿದ್ದೇನೆ.’
ಮಾತ್ರೆ ನುಂಗಿದೆಯಾ ಎಂದರೆ
ಜೀನಿನ ಪಕ್ಕದಿಂದ ಇಳಿಸಿದಳು
ಕುದುರೆಕೂದಲಿನ ಒಂದು ಹಗ್ಗ.
ದಿನಕ್ಕೊಂದು ಗಂಟು.

ಎರ್ಮೆಕ್ ಎಣಿಸಿದ, ತಪ್ಪಿ ಮತ್ತೆ ಎಣಿಸಿದ.
ಎರಡು ಕಡೆ ಗಂಟಿಲ್ಲ, ಹಗ್ಗ ನುಣುಪು.
ಮರಿ ಅಡ್ಡಬಂದು ಹೆಣ್ಣುಕುದುರೆ ಒದ್ದಾಡಿದ ರಾತ್ರಿಗಳು ಅವು.
ನಲವತ್ತನೆಯದರಿಂದಾಚೆ ಗಂಟು ಚಿಕ್ಕದು.
‘ಇದೇಕೆ?’
‘ಅರ್ಧ ಮಾತ್ರೆ.’
‘ಇನ್ನರ್ಧ?’
ಪಕ್ಕದ ಯುರ್ಟಿನತ್ತ ಗದ್ದ ಎತ್ತಿದಳು.

ಅಲ್ಲಿ ಸೈರಾಗುಲ್, ನದಿಯಾಚೆಯವಳು.
ಮುಖ ಬೀಟ್‌ರೂಟಿನಂತೆ ಕೆಂಪಾಗುತ್ತಿತ್ತಂತೆ,
ಕಿವಿಯೊಳಗೆ ದನದ ಗಂಟೆ ಬಡಿಯುತ್ತಿತ್ತಂತೆ,
ಕುರಿಯುಣ್ಣೆ ಕತ್ತರಿಸುವ ಕತ್ತರಿಯಲ್ಲಿ
ಮಾತ್ರೆ ಎರಡಾಯಿತಂತೆ.
ಬಿಪಿ ನೋಡಿದೆ: ಅಜ್ಜಿಯದು ನೂರೈವತ್ತಾರು,
ಅವಳದು ನೂರೈವತ್ತೆಂಟು.
ಇಬ್ಬರಿಗೂ ಸಾಲದು.
‘ಪೂರ್ತಿ ಮಾತ್ರೆ ಬೇಕಿತ್ತು ನಿನಗೆ’ ಎಂದು ಗದರಿದೆ.
‘ಅವಳಿಗೂ ಬೇಕಿತ್ತು’ ಅಂದಳು, ಅಷ್ಟೇ ಜೋರಾಗಿ.

‘ಗುಂಪುಗಳು ಬೆರೆತುಹೋದವು’
ಎಂದು ಎರ್ಮೆಕ್ ತಲೆಹಿಡಿದು ಕೂತ.
ಅಜ್ಜಿ ಹೊರಗೆ ತೋರಿಸಿದಳು:
ಬಂಡೆಯ ಮೇಲೆ ಉಪ್ಪಿನ ಗಡ್ಡೆ,
ಸುತ್ತ ಮೂವತ್ತು ನಾಲಿಗೆ.
‘ಹೋಗು ಮಗಾ, ಇದರಲ್ಲಿ ಅ ಯಾವುದು
ಬ ಯಾವುದು ಬೇರೆ ಮಾಡು.’

ಅವನು ಹೋಗಲಿಲ್ಲ.
ಉಪ್ಪು ತಿಂದವರು ನೀರು ಕುಡಿಯಲೇಬೇಕು, ಸರಿ,
ಇಲ್ಲಿ ಚಹಾಕ್ಕೂ ಉಪ್ಪು.
ಅರ್ಧ ಚಿಟಿಕೆ ಸಾಕೆಂದು ಹದಿನಾರು ವರ್ಷದಿಂದ ಹೇಳಿ
ಕೊಟ್ಟ ಬಟ್ಟಲನ್ನು ಬೇಡವೆನ್ನಲಾರದೆ
ಹದಿನಾರು ವರ್ಷದಿಂದ ಕುಡಿದಿದ್ದೇನೆ.

ಅದನ್ನೇ ಕುಡಿಯುತ್ತಿದ್ದಾಗ
ಅಜ್ಜಿ ನನ್ನ ತೋಳು ಎಳೆದುಕೊಂಡಳು,
ನಾನು ಕಲಿಸಿದಂತೆಯೇ ಪಟ್ಟಿ ಸುತ್ತಿದಳು,
ಮಾತಾಡಬೇಡ ಅಂದಳು.
ಯಂತ್ರ ಗುರ್ರೆಂದಿತು.
ನೂರ ಅರವತ್ತನಾಲ್ಕು.
ಯಾರೂ ಏನೂ ಅನ್ನಲಿಲ್ಲ.
ಅಜ್ಜಿ ಹಗ್ಗ ಕೈಗೆತ್ತಿಕೊಂಡು
ತುದಿಯಲ್ಲಿ ಎಷ್ಟು ಉಳಿದಿದೆಯೆಂದು
ಗೇಣು ಹಾಕಿ ನೋಡಿದಳು.

ಇಳಿಯುವಾಗ ಹೊತ್ತು ಮುಳುಗಿತ್ತು.
‘ಅಕ್ಕ, ನೀನು ಅ ಗುಂಪಲ್ಲೂ ಇಲ್ಲ, ಬ ಗುಂಪಲ್ಲೂ ಇಲ್ಲ.
ನಿನ್ನನ್ನು ಯಾವ ಕಾಲಮ್ಮಿನಲ್ಲಿ ಬರೆಯಲಿ?’
‘ಮೊದಲು ಲಗಾಮು ಬಿಗಿಹಿಡಿ’ ಅಂದೆ,
‘ಮುಂದೆ ಇಳಿಜಾರು, ಕಲ್ಲು ಜಾರುತ್ತವೆ.’